ಮೊಹರಿನ ಮೇಲಿನ ಕುಂಕುಮ

ದಸರೆಯ ಖಂಡೆ ಪೂಜೆಯ ದಿನ ನಮ್ಮ ಚಿತ್ತಾಪುರದ ಮನೆಯಲ್ಲಿ ನಾನು ದೇವರ ಮುಂದೆ ಇಟ್ಟದ್ದು ಗಂಡನ ಕತ್ತರಿ, ಸೂಜಿಗಳು, ಅವರು ವಿಲಾಯತಿಯಿಂದ ತಂದ ಡಾಕ್ಟರಿಕೆ ಪಾಸಾದ ಸನದು. ಕಸಬಿನ ಸಾಮಾನಿಗೆಲ್ಲ ಗಂಧ, ಕುಂಕುಮ ಹಚ್ಚುವುದು ರೂಢಿ. ಸನದಿಗೂ ಹಚ್ಚಿದೆ, ಅದೂ ಧಾರಾಳವಾಗಿ. ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ!

ವಿಲಾಯತಿಯಲ್ಲಿ ಕಲಿತವರಾದರೂ ನಿಜಾಮರ ಸೀಮೆಯಲ್ಲಿ ರೋಗಿಯ ನಾಡಿ ಹಿಡಿಯಲು ಹೈದರಾಬಾದಿನ ಇಜಾಜತ್, ಅಂದರೆ ಪರವಾನಗಿ ಬೇಕಿತ್ತು. ಅದು ಬರುವ ಮೊದಲೇ ಇವರು ಒಬ್ಬಿಬ್ಬರಿಗೆ ಔಷಧ ಕೊಟ್ಟಿದ್ದರು, ಯಾರೋ ಚಾಡಿ ಹೇಳಿದ್ದರು. ಅಸಲು ಸನದು ತಂದು ತೋರಿಸಬೇಕೆಂದು ಹೈದರಾಬಾದಿನ ಕಚೇರಿಯಿಂದ ಕಾಗದ ಬಂತು. ಪೆಟ್ಟಿಗೆ ತೆಗೆದು ನೋಡಿದರೆ ಮೊಹರಿನ ಮೇಲೆ ಕೆಂಪು ಕಲೆ. ಕೆಳಗಿನ ಸಹಿ ಗಂಧದ ನೀರಿಗೆ ಕದಡಿಹೋಗಿತ್ತು. ಸುಳ್ಳು ಸನದೆಂದು ಇವರನ್ನು ಜೈಲಿಗೆ ಹಾಕಿದರೆ? ಹೇಳಲು ಬಾಯಿ ಬರಲಿಲ್ಲ. ಸುರುಳಿ ಸುತ್ತಿ, ಧೋತರದಲ್ಲಿ ಕಟ್ಟಿ ಕೈಗೆ ಕೊಟ್ಟೆ, ಇವರು ಹೈದರಾಬಾದಿನ ರೈಲು ಹತ್ತಿದರು.

ಮೂರು ದಿನ ಓಣಿಯಲ್ಲಿ ಪೊಲೀಸ್ ಜವಾನ ಹಾದರೂ ಕದ ಹಾಕಿಕೊಳ್ಳುತ್ತಿದ್ದೆ. ನಾಲ್ಕನೆಯ ದಿನ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸನದು ಖರೇ ಏನಂತ ವಿಲಾಯತಿಗಿ ಬರದು ಕೇಳ್ಯಾರ. ಜವಾಬು ಬರೋತನಕ ಯಾರ್ನೂ ಮುಟ್ಟಬ್ಯಾಡ್ರಿ ಅಂದಾರ. ಮುಟ್ಟಿದ್ರ ಇಜಾಜತ್ ಎಂದೂ ಸಿಗಂಗಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಬೆಳಗ್ಗೆ ನಾಲವಾರದ ಕಡೆಯಿಂದ ಬಂಡಿಯೊಂದು ಬಂತು. ತಾಯಿಯ ಮಡಿಲಲ್ಲಿ ಕೂಸು ಉಸಿರಿಗೆ ಒದ್ದಾಡುತ್ತಿತ್ತು. ಇವರು ಹೊರಗೇ ಬರಲಿಲ್ಲ. ಆಕೆ ನನ್ನ ಕಾಲು ಹಿಡಿದಳು.

"ಅವ್ವಾರ, ನೀವರ ಒಂದ್ ಮಾತ್ ಹೇಳ್ರಿ. ಕೂಸು ಹೋಗಾಕತ್ತದ."

"ಅವರಿಗಿ ಇಜಾಜತ್ ಇಲ್ಲವ್ವಾ. ಕಲಬುರ್ಗಿ ದವಾಖಾನಿಗಿ ಒಯ್ರಿ," ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ! ಬಂಡಿ ತಿರುಗಿತು.

ಒಳಗೆ ಇವರು ಗೋಡೆಗೆ ಮುಖ ಮಾಡಿ ಕೂತಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ.

"ಆ ಕುಂಕುಮ ನಾನೇ ಹಚ್ಚೀನ್ರಿ. ತಪ್ಪು ನಂದು."

"ಗೊತ್ತದ. ಸೇಡಂ ದಾಟಿದ ಮ್ಯಾಲ ಬಿಚ್ಚಿ ನೋಡೀನಿ. ನಾನೇ ಹಚ್ಚೀನಂತ ಅಲ್ಲಿ ಹೇಳೀನಿ." ಎದ್ದರು, ಔಷಧದ ಚೀಲ ಕೈಗೆತ್ತಿಕೊಂಡರು. "ಇಜಾಜತ್ ಹಾಳಾಗಿ ಹೋಗ್ಲಿ. ಬಂಡಿ ಯಾ ಕಡಿ ಹೋತು?"

ಇಬ್ಬರೂ ಬರಿಗಾಲಲ್ಲಿ ಓಡಿದೆವು. ಸ್ಟೇಷನ್ ದಾರಿಯಲ್ಲೂ ಬಂಡಿ ಇಲ್ಲ, ಕಲಬುರ್ಗಿಗೆ ಹೋಗುವ ಶಹಾಬಾದಿನ ದಾರಿಯಲ್ಲೂ ಇಲ್ಲ. ಇಜಾಜತ್ ಬೇಸಿಗೆಯಲ್ಲಿ ಬಂತು. ಆಮೇಲೆ ನಾಲವಾರದಿಂದ ಯಾರು ಬಂದರೂ ನಾನು ಒಳಗೆ ಹೋಗಿಬಿಡುತ್ತಿದ್ದೆ. ಆ ಕೂಸು ಏನಾಯಿತೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.