ತೀರ್ಥ ಬಿದ್ದ ಟಿವಿಗಳು

ಬೋಯಕಾ ಪ್ರಾಂತ್ಯದ ಒಂದು ಗುಡ್ಡದೂರಿನಲ್ಲಿ ನೆಪೊಮುಸೆನೊ ಒಬ್ಬನೇ ರೇಡಿಯೊ, ಟಿವಿ ರಿಪೇರಿಯವನು. ಊರವರು ಅವನ ಮಾತಿಗೆ ಸೊಪ್ಪು ಹಾಕದೆ ಇಪ್ಪತ್ತು ವರ್ಷವಾಗಿತ್ತು. "ಹಳೇ ಟಿವಿ ಹಳ್ಳಕ್ಕೆ ಎಸೀಬೇಡ್ರಪ್ಪಾ, ಅದರ ಗಾಜಲ್ಲಿ ಸೀಸ ಇದೆ, ನೀರಿಗಿಳಿಯುತ್ತೆ" ಎಂದು ಅವನು ಗಂಟಲು ಹರಿದುಕೊಂಡರೆ, "ನೆಪೊಗೆ ಬಿಡಿಭಾಗ ಬೇಕು, ಅದಕ್ಕೇ ಈ ಪುರಾಣ" ಎಂದು ನಗುತ್ತಿದ್ದರು.

ಅದನ್ನೇ ಪಾದ್ರಿ ಅನ್ಸೆಲ್ಮೊ ಒಂದು ಭಾನುವಾರ ಪೂಜೆಯಲ್ಲಿ ಹೇಳಿದರು. ಭೂಮಿ ದೇವರ ತೋಟ, ನಾವು ಬರೀ ಮಾಲಿಗಳು. ಕೆಟ್ಟ ಯಂತ್ರಗಳನ್ನು ತನ್ನಿ, ನೆಪೊ ಬಿಚ್ಚಿ ನಗರದ ಕಾರ್ಖಾನೆಗೆ ಕಳಿಸುತ್ತಾನೆ. ಮುಂದಿನ ಭಾನುವಾರ ಇಗರ್ಜಿಯ ಅಂಗಳ ತುಂಬಿಹೋಯಿತು. ನಿಲುವಂಗಿ ತೊಟ್ಟು ಹೇಳಿದರೆ ಸೀಸಕ್ಕೂ ವಿಷ ಬರುತ್ತದೆ. ಪಾದ್ರಿಗಳು ಉಬ್ಬಿಹೋಗಿ ರಾಶಿಯ ಮೇಲೆ ಧಾರಾಳವಾಗಿ ತೀರ್ಥ ಚಿಮುಕಿಸಿದರು.

ಸೋಮವಾರ ನೆಪೊ ಸ್ಕ್ರೂಡ್ರೈವರ್ ಹಿಡಿದು ಬಂದರೆ, ಇಗರ್ಜಿಯ ದೇವಮಾತೆಯ ಸಂಘದ ಅಧ್ಯಕ್ಷೆ ಡೋನ್ಯಾ ಓತಿಲಿಯಾ ಒಂದು ಟಿವಿಯ ಮೇಲೆ ಕೂತಿದ್ದಳು.

"ಮುಟ್ಟಬೇಡ! ತೀರ್ಥ ಬಿದ್ದಿದೆ. ಮುರಿದ ಜಪಸರ, ಒಡೆದ ಸಂತರ ಮೂರ್ತಿ ಏನ್ ಮಾಡ್ತೀವಿ? ಹೂಳ್ತೀವಿ. ಇದನ್ನೂ ಹೂಳೋದೇ."

ಇಗರ್ಜಿಯ ಹಿಂದೆ ಗುಂಡಿ ಆಗಲೇ ತಯಾರಿತ್ತು. ನಾಲ್ವರು ಸನಿಕೆ ಹಿಡಿದು ನಿಂತಿದ್ದರು. ಗುಂಡಿಯ ಕೆಳಗಡೆಯೇ ಇಡೀ ಊರು ನೀರು ಕುಡಿಯುವ ಒರತೆ. ನೆಪೊ ಅಲ್ಲೇ ನಿಂತಿದ್ದ ಪಾದ್ರಿಗಳ ಕಡೆ ನೋಡಿದ.

"ಕೊಟ್ಟ ಆಶೀರ್ವಾದ ವಾಪಸ್ ತಗೊಳ್ಳೋ ಪ್ರಾರ್ಥನೆ ನನಗೆ ಗೊತ್ತಿಲ್ಲಪ್ಪ" ಎಂದು ಅವರು ತಮ್ಮ ಬೂಟು ನೋಡಿಕೊಂಡರು.

ನೆಪೊ ಅವಳ ಕಡೆ ತಿರುಗಿದ. "ಡೋನ್ಯಾ ಓತಿಲಿಯಾ, ಜುಲೈನಲ್ಲಿ ಕಾರ್ಮೆನ್ ಮಾತೆಯ ಹಬ್ಬಕ್ಕೆ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸ್ದಾಗ ನಿಮ್ಮ ಯಜಮಾನ್ರ ಬಸ್ಸಿಗೂ ತೀರ್ಥ ಬಿತ್ತಲ್ವಾ?"

"ಬೀಳದೇ? ಮೊದಲನೇ ಸಾಲಲ್ಲೇ ನಿಲ್ಲಿಸಿದ್ವಿ, ಬಲೂನು ಕಟ್ಟಿ!"

"ಮೊನ್ನೆ ಗ್ಯಾರೇಜಲ್ಲಿ ಅದರ ಎಂಜಿನ್ ಬಿಚ್ಚಿ ಹರಡಿದ್ರು."

"ಅದು ರಿಪೇರಿ ಕಣೋ!"

"ಬಿಚ್ಚೋದು ಬಿಚ್ಚೋದೇ ತಾಯಿ. ಗುಂಡಿ ಸ್ವಲ್ಪ ದೊಡ್ಡದು ಮಾಡಿಸಿ. ಮೊದಲು ಬಸ್ಸು ಹೂಳೋಣ, ಟಿವಿ ಆಮೇಲೆ."

ಮೊದಲು ನಕ್ಕವರು ಸನಿಕೆಯವರೇ. ಓತಿಲಿಯಾ ಲಂಗ ಕೊಡವಿಕೊಂಡು ಎದ್ದಳು. "ಹಾಗಾದ್ರೆ ಮೊದಲನೇ ಸ್ಕ್ರೂ ಪಾದ್ರಿಗಳೇ ಬಿಚ್ಚಲಿ" ಎಂದಳು. ಅವರು ಅರ್ಧ ಗಂಟೆ ಉಲ್ಟಾ ತಿರುಗಿಸಿ ಸ್ಕ್ರೂ ಕೆಡಿಸಿದರು. ಮಿಕ್ಕವನ್ನೆಲ್ಲ ನೆಪೊ ಬಿಚ್ಚಿದ, ಆರು ದಿನ.

ಭಾನುವಾರ ಒರತೆ ಉಳಿಸಿದ್ದಕ್ಕೆ ಪಾದ್ರಿಗಳು ಮಾತೆಯ ಸಂಘಕ್ಕೆ ವಂದನೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ನೆಪೊನೂ ತಟ್ಟಿದ.

ಮನೆಗೆ ಹೋಗುವಾಗ ಒರತೆಯಲ್ಲಿ ಬೊಗಸೆ ನೀರು ಕುಡಿಯುತ್ತಿದ್ದ. ಓತಿಲಿಯಾ ಕೊಡ ಹಿಡಿದು ಬಂದಳು.

"ನೋಡ್ದ್ಯಾ ನೆಪೊ? ಎಸೀಬೇಡಿ, ಹೂಳಬೇಡಿ ಅಂತ ನಾನು ಬಡ್ಕೊಳ್ತಾನೇ ಇದ್ದೆ."

ನೆಪೊ ಅವಳ ಕೊಡ ಇಸಿದುಕೊಂಡು ತುಂಬಿಸಿಕೊಟ್ಟ.