ಹದಿನಾಲ್ಕನೆಯ ಕಾಗದ

ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಚಿಕ್ಕಂದಿನಲ್ಲಿ ಕುಡುಗೋಲು ತಗುಲಿದ್ದು. ಆ ಬೆರಳಲ್ಲಿ ಪೆನ್ನು ನಿಲ್ಲದೆ, ತೋರುಬೆರಳು ನಡುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬರೆಯುತ್ತಿದ್ದ. ಅಕ್ಷರಗಳೆಲ್ಲ ಎಡಕ್ಕೆ ವಾಲುತ್ತಿದ್ದವು.

ನಾನು ದಿನಚರಿ ಬರೆಯುವುದು ಅವನಿಗೆ ತಮಾಷೆ. ಉಣ್ಣಲು ಕೂತಾಗ, “ಏನ್ ಶಾನುಭೋಗ್ರೇ, ಇವತ್ತು ನಾನು ಎಷ್ಟ್ ಸಲ ಸೀನ್ದೆ, ಬರ್ಕೊಂಡ್ರಾ?” ಎಂದು ಕೇಳುತ್ತಿದ್ದ. ಬರೆದುಕೊಂಡೂ ಇರುತ್ತಿದ್ದೆ.

ಚೀನಾದೊಡನೆ ಯುದ್ಧವಾದ ವರ್ಷ, ಶ್ರಾವಣದಲ್ಲಿ, ಹಾಸನಕ್ಕೆ ಹೋಗಿ ಸೈನ್ಯಕ್ಕೆ ಸೇರಿದ. ಯಾಕೆ ಸೇರಿದನೆಂದು ನನಗೆ ಈಗಲೂ ಗೊತ್ತಿಲ್ಲ. ಅಪ್ಪ ಕೇಳಿದಾಗ ಒಂದು ಸಲ ದೇಶಕ್ಕೆ ಎಂದ, ಇನ್ನೊಂದು ಸಲ ರೈಲು ಹತ್ತಬೇಕು ಎಂದ. ಎರಡನ್ನೂ ಬರೆದಿಟ್ಟಿದ್ದೇನೆ. ಅವನು ಇನ್ನೂ ತರಬೇತಿಯಲ್ಲಿದ್ದಾಗಲೇ ಯುದ್ಧ ಶುರುವಾಯಿತು.

ಶಿಬಿರದಿಂದ ವಾರಕ್ಕೊಂದು ಕಾಗದ ಬರುತ್ತಿತ್ತು. ಕೊಣನೂರಿನ ಸಂತೆಗೆ ಹೋದ ಅಪ್ಪ ಅಂಚೆ ಕಚೇರಿಯಿಂದ ತರುತ್ತಿದ್ದ. ನಾನು ಜಗುಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿ, ಮೂಲೆಯಲ್ಲಿ ನಂಬರು ಹಾಕಿಡುತ್ತಿದ್ದೆ. ಮುದ್ದೆ ಕಂಡು ಎಷ್ಟು ದಿನವಾಯಿತು, ಹವಾಲ್ದಾರನ ಹಿಂದಿ ತಿಳಿಯದೆ ಎಷ್ಟು ಸಲ ತಪ್ಪು ದಿಕ್ಕಿಗೆ ತಿರುಗಿದ, ಬೂಟು ಕಚ್ಚಿ ಎಷ್ಟು ಬೊಬ್ಬೆ ಎದ್ದವು, ಇವೇ ಸುದ್ದಿ. ಅವ್ವನಿಗೆ ಬೊಬ್ಬೆಯ ವಿಷಯ ಓದಬೇಡ ಎಂದು ಕೊನೆಯ ಸಾಲಿನಲ್ಲಿ ಇರುತ್ತಿತ್ತು. ಅಷ್ಟರಲ್ಲಿ ಓದಿಬಿಟ್ಟಿರುತ್ತಿದ್ದೆ.

ಹದಿನಾಲ್ಕನೆಯದು ಒಂದು ಕಾರ್ಡು. “ನಿಮ್ಮ ಮಗ ಮೊನ್ನೆ ತೀರಿಕೊಂಡ. ಇಂತಿ, ಸ್ನೇಹಿತ.” ಎಂದಿನಂತೆ ಗಟ್ಟಿಯಾಗಿ ಓದಿಬಿಟ್ಟೆ. ಅವ್ವ ಕುಸಿದು ಎದೆ ಬಡಿದುಕೊಂಡಳು. ಅಪ್ಪ ಕಂಬ ಹಿಡಿದು ನಿಂತ. ಪಕ್ಕದ ಮನೆಯ ಅಜ್ಜಿ ಓಡಿಬಂದಳು. ನನಗೆ ಅಳು ಬರಲಿಲ್ಲ. ಈ ಕಾರ್ಡಿಗೆ ನಂಬರು ಹಾಕಬೇಕೋ ಬೇಡವೋ ಎಂದು ನೋಡುತ್ತಾ ನಿಂತಿದ್ದೆ. ಅಕ್ಷರಗಳು ಎಡಕ್ಕೆ ವಾಲಿದ್ದವು. ಹಿಂದಿನ ಹದಿಮೂರನ್ನೂ ತಂದು ಹೋಲಿಸಿ, ಇದು ಅಣ್ಣನದೇ ಕೈಬರಹ ಎಂದೆ.

“ಸತ್ತೋನು ಕಾಗ್ದ ಬರೀತಾನೇನವ್ವಾ?” ಅಪ್ಪ ನನ್ನನ್ನೇ ಕೇಳಿದ.

ಅಜ್ಜಿಗೆ ಹೊಳೆಯಿತು. “ಅವ್ನ್ ತಲೆಗೆ ಕಾಗೆ ಬಡ್ದಿರ್ಬೇಕು ಕಣ್ಲಾ. ಸತ್ತ ಅಂತ ಸುದ್ದಿ ಕಳ್ಸಿ ಮನೇರು ಅತ್ರೆ ಕಂಟಕ ಕಳೀತದೆ,” ಎಂದು ಅಪ್ಪನಿಗೆ ಹೇಳಿ ನನ್ನ ಕಡೆ ತಿರುಗಿದಳು. “ನೀ ಯಾಕ್ ಬಾಯ್ ಬಿಟ್ಟೆ ಮಗಾ? ಅಳೋರ್ನ ಪೂರ್ತಿ ಅಳಾಕ್ ಬಿಡ್ಬೇಕಿತ್ತು.”

ಅವ್ವ ಆಗಲೇ ಕಣ್ಣೊರೆಸಿಕೊಂಡು ಎದ್ದಿದ್ದಳು. “ಬರ್ಲಿ ಅವ್ನು, ಸೌಟ್ನಾಗೆ ಬಾರಿಸ್ತೀನಿ,” ಎಂದು ಬೈಯುತ್ತಲೇ ನಕ್ಕಳು. ಇನ್ನಷ್ಟು ಅಳು ಎಂದು ಅಜ್ಜಿ ಎಷ್ಟು ಹೇಳಿದರೂ ಅವಳಿಂದ ಆಗಲಿಲ್ಲ. ಅಂದಿನ ದಿನಚರಿಯಲ್ಲಿ ಹೀಗಿದೆ: ಅವ್ವ ಅತ್ತದ್ದು ಕಾಲು ಗಂಟೆ. ಅಪ್ಪ ಇಲ್ಲ. ನಾನು ಇಲ್ಲ.

ಮುಂದಿನ ಸಂತೆಗೆ ಹದಿನೈದನೆಯದು ಬಂತು. ಕವಾಯತಿನ ಮೈದಾನದಲ್ಲಿ ಕಾಗೆ ನೆತ್ತಿಗೆ ಬಡಿಯಿತಂತೆ. ಶಿಬಿರದಲ್ಲಿ ಕನ್ನಡ ಬರೆಯುವ ಬೇರೆಯವರಿಲ್ಲದೆ ತಾನೇ ಬರೆದನಂತೆ. ಊರಲ್ಲಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದನಂತೆ, ಯುದ್ಧದ ಕಾಲ, ಹೆದರಿಕೆಯಾಯಿತಂತೆ. ಕೊನೆಯಲ್ಲಿ ನನಗೆ: “ಶಾನುಭೋಗ್ರೇ, ಎಲ್ರೂ ಅತ್ರಾ? ಎಷ್ಟೊತ್ತು ಅತ್ರಿ? ನಿನ್ ಪುಸ್ತಕ ನೋಡ್ಕೊಂಡು ಬರಿ.”

ಪುಸ್ತಕ ಮುಂದಿಟ್ಟುಕೊಂಡೇ ಬರೆದೆ: ಎಲ್ಲರೂ ಅತ್ತೆವು, ಹೊತ್ತು ಮುಳುಗುವ ತನಕ.

“ಸದ್ಯ. ಇನ್ ನಂಗೇನೂ ಆಗಾಕಿಲ್ಲ,” ಎಂದು ಉತ್ತರ ಬಂತು. ಆಮೇಲಿನ ಕಾಗದಗಳಲ್ಲಿ ಅವನು ಬೇರೆ ಮನುಷ್ಯ. ಹಿಂದಿ ಕಲಿತ, ಗುರಿ ಹೊಡೆದು ಹವಾಲ್ದಾರನಿಂದ ಶಹಬ್ಬಾಸ್ ಪಡೆದ. ತರಬೇತಿ ಮುಗಿಯುವ ಹೊತ್ತಿಗೆ ಯುದ್ಧ ನಿಂತಿತ್ತು, ಆದರೂ ಗಡಿಗೆ ಕಳಿಸಿದರು. ಹಿಮದ ಮೇಲಿನ ಠಾಣೆಗೆ ಯಾರು ಹೋಗುತ್ತೀರಿ ಎಂದಾಗ ತಾನೇ ಮೊದಲು ಕೈ ಎತ್ತಿದೆ ಎಂದು ಬರೆದಿದ್ದ. ನನಗೇನೂ ಆಗುವುದಿಲ್ಲವಲ್ಲ ಎಂದೂ ಬರೆದಿದ್ದ. ಅಲ್ಲಿ ಹಿಮ ಕುಸಿದು ತೀರಿಕೊಂಡ.

ಕಾಗೆಯ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಅವ್ವನ ಅಳು ನಿಲ್ಲಿಸಿದ್ದು ತಪ್ಪೋ, ಅವನಿಗೆ ಧೈರ್ಯ ಬರಲೆಂದು ಹಾಗೆ ಬರೆದದ್ದು ತಪ್ಪೋ, ಎರಡೂ ಅಲ್ಲವೋ, ಎಷ್ಟು ಪುಟ ಬರೆದರೂ ತೀರ್ಮಾನವಾಗಿಲ್ಲ.

ಅವ್ವ ಒಮ್ಮೊಮ್ಮೆ ಒಲೆಯ ಮುಂದೆ ಕೂತವಳು, “ಅವತ್ತು ನಂಗೆ ನಗು ಬಂದ್ಬುಡ್ತಲ್ಲವ್ವಾ,” ಎನ್ನುತ್ತಾಳೆ. ನಾನು ಅಣ್ಣನಿಗೆ ಬರೆದದ್ದನ್ನು ಅವಳಿಗೆ ಇನ್ನೂ ಹೇಳಿಲ್ಲ.