ಉಜ್ಜಿಹೋದ ಬಿಲ್ಲೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಕೆಲಸ ಕೆಡಿಸಿದವನು ನಾನೇ. ಮೊನ್ನೆ ಅವ್ವ ಹಿತ್ತಲಲ್ಲಿ ಹಿತ್ತಾಳೆ ಕೊಡಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯಲ್ಲಿದ್ದ ಮಿಲಿಟ್ರಿ ತಾತ ನೆನಪಾದರು...

ಆದೋನಿಯಲ್ಲಿ ನಾನು ಯಾರ ದನಿಯನ್ನು ಅಣಕಿಸದೆ ಬಿಟ್ಟಿದ್ದೇನೆ? ಹತ್ತಿ ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುವವನು, ನಮ್ಮ ತೆಲುಗು ಮೇಷ್ಟ್ರು, ನಿದ್ದೆಯಲ್ಲಿ ಗೊರಕೆ ಹೊಡೆಯುವ ನಾನು. ಆದರೆ ಮದುವೆಮನೆಗಳಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಅಪ್ಪನ ದನಿ. ನಮ್ಮ ಮನೆಯಲ್ಲಿ ಮಿಲಿಟರಿಯ ಹಳೇ ರೈಫಲ್ ಒಂದಿತ್ತು. ಅದು ತಮ್ಮ ತಂದೆ ಯುದ್ಧದಲ್ಲಿ ಹಿಡಿದದ್ದು, ಮೇಲಿನ ಸಾಹೇಬ ಮೆಚ್ಚಿ ಇನಾಮು ಕೊಡಿಸಿದ್ದು ಎನ್ನುತ್ತಿದ್ದರು ಅಪ್ಪ. ಪೆದ್ದಹರಿವಾಣದ ದೊಡ್ಡಪ್ಪ, ಅವ್ವನ ಅಕ್ಕನ ಗಂಡ, ಮಾತ್ರ "ಬಳ್ಳಾರಿ ಹರಾಜಿನ್ಯಾಗ ಕೊಂಡಿದ್ದು, ಕತಿ ಕಟ್ಟತಾನ" ಎಂದು ನಗುತ್ತಿದ್ದರು. ನಾನು ಅಪ್ಪನೆದುರೇ ಅಪ್ಪನಾಗಿ, ಎದೆಯುಬ್ಬಿಸಿ ಆ ಕಥೆ ಹೇಳುತ್ತಿದ್ದೆ. ಅಪ್ಪನೂ ನಗುತ್ತಿದ್ದರು... ಕೊನೆಕೊನೆಗೆ ಅದನ್ನು ಹೇಳುವುದನ್ನೇ ಬಿಟ್ಟರು.

ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಲ್ಲಿ. ಅವರು ತೀರಿಕೊಂಡ ಮೇಲೆ ರೈಫಲನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಿತ್ತು. ಆಯುಧಪೂಜೆಯೊಂದು ಮುಗಿಯಲಿ ಎಂದಳು ಅವ್ವ. ಅಷ್ಟರೊಳಗೆ ಅಪ್ಪನ ಮಾತು ಖರೆಯೆಂದು ದೊಡ್ಡಪ್ಪನಿಗೆ ತೋರಿಸಬೇಕೆಂಬ ಹಟ ನನಗೆ. ಅಪ್ಪನ ಕಥೆಯನ್ನು ಆಡಿಕೊಂಡು ನಗಿಸಿದ ಪಾಪ ಎದೆಯಲ್ಲಿ ಕೂತಿತ್ತಲ್ಲ. ಪೆಟ್ಟಿಗೆಯಲ್ಲಿ ಅಜ್ಜನ ಡಿಸ್ಚಾರ್ಜ್ ಕಾಗದ ಸಿಕ್ಕಿತು, ಅದರಲ್ಲಿ ಅವರಿದ್ದ ಪಟಾಲಮಿನ, ಅಂದರೆ ಸೈನ್ಯದ ತುಕಡಿಯ ಹೆಸರಿತ್ತು. ಅದನ್ನು ಹಿಡಿದು ಮಿಲಿಟ್ರಿ ತಾತನ ಬಳಿ ಓಡಿದೆ.

ತಾತ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿದವರು. ಕಣ್ಣು ಪೂರ್ತಿ ಮಂಜಾಗಿತ್ತು. ಕಾಗದವನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, "ಬಂದೂಕೇ ಹೇಳತೈತಿ ಬಿಡೋ. ಹೆಂಗೈತಿ ಹಂಗ ತಾ, ಕೈಯಾಡಿಸಿ ನೋಡ್ತೀನಿ" ಎಂದರು. ಮನೆಗೆ ಬಂದು ಅವ್ವನಿಗೆ, ತಂಗಿಗೆ ಅದನ್ನೇ ತಾತನ ದನಿಯಲ್ಲಿ, ನಡುವೆ ಅವರ ಕೆಮ್ಮನ್ನೂ ಸೇರಿಸಿ ಒಪ್ಪಿಸಿದೆ. ಇಬ್ಬರೂ ಬಿದ್ದುಬಿದ್ದು ನಕ್ಕರು. ದನಿ ಹಿಡಿದೆ, ಕೆಮ್ಮು ಹಿಡಿದೆ, ಮಾತನ್ನು ಮಾತ್ರ ಹಿಡಿಯಲಿಲ್ಲ.

ಮರುದಿನವೇ ಆಯುಧಪೂಜೆ. ವರ್ಷವರ್ಷವೂ ಹಚ್ಚಿದ ವಿಭೂತಿ, ಕುಂಕುಮ, ಎಣ್ಣೆ ಸೇರಿ ರೈಫಲಿನ ಮೇಲೆ ಗಟ್ಟಿ ಜಿಡ್ಡಾಗಿ ಕೂತಿತ್ತು. ಅಪ್ಪನಾದರೆ ಹಳೇ ಪಂಚೆಯ ತುಂಡಿನಿಂದ ಮೆಲ್ಲಗೆ ಒರೆಸುತ್ತಿದ್ದರು, ಅಷ್ಟೆ. ನಾನು ಅವರಿಗಿಂತ ಜಾಣ. ರೈಫಲಿನ ಹಿಂಬದಿಯ ಮರದ ಹಿಡಿಯಲ್ಲಿ ರೂಪಾಯಿಯಗಲದ ಹಿತ್ತಾಳೆ ಬಿಲ್ಲೆ ಕೂರಿಸಿದ್ದರು. ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕಪ್ಪು ಬಿಡಲಿಲ್ಲವೆಂದು, ಬಡಗಿಗಳು ಮರ ನಯಮಾಡುವ ಉಪ್ಪುಕಾಗದ ತಂದು ಅರ್ಧ ಗಂಟೆ ಉಜ್ಜಿದೆ. ಬಿಲ್ಲೆ ಥಳಥಳ ಹೊಳೆಯಿತು.

ಪೂಜೆ ಮುಗಿಸಿ ರೈಫಲನ್ನು ತಾತನ ತೊಡೆಯ ಮೇಲಿಟ್ಟೆ. ಅವರ ಬೆರಳುಗಳು ಕಬ್ಬಿಣದ ಮೇಲೆ ಆಡಿ, ಮರದ ಮೇಲೆ ಜಾರಿ, ಬಿಲ್ಲೆಯ ಮೇಲೆ ನಿಂತವು. ಮತ್ತೆ ಸವರಿದವು. ಉಗುರಿನಿಂದ ಗೀರಿ ನೋಡಿದವು...

"ಮಿಲಿಟ್ರಿದು ಖರೆ. ಯಾವ ಪಟಾಲಮಿಂದು ಅಂತ ಈ ಬಿಲ್ಲಿ ಮ್ಯಾಲೆ ಹೊಡದಿರತಾರ. ಏನ್ ಮಾಡಿದ್ಯೋ ಇದಕ್ಕ?"

"ಪೂಜಿಗಂತ ಉಜ್ಜಿದೆ, ತಾತ."

ಅವರು ನನ್ನ ಬೆರಳು ಹಿಡಿದು ಬಿಲ್ಲೆಯ ಮೇಲೆ ಆಡಿಸಿದರು, ಒಂದಕ್ಷರವೂ ಉಳಿದಿರಲಿಲ್ಲ.

ರೈಫಲ್ ಠಾಣೆ ಸೇರಿತು. ತಾತನೂ ಮುಂದಿನ ಬೇಸಿಗೆ ಕಾಣಲಿಲ್ಲ. ದೊಡ್ಡಪ್ಪ ಈಗಲೂ ಹರಾಜಿನ ಮಾತು ತೆಗೆದು ನಗುತ್ತಾರೆ. ಅಪ್ಪನ ದನಿ ಮಾಡೆಂದು ಯಾರಾದರೂ ಕೇಳಿದರೆ ಸವಾಲು ಕೂಗುವವನ ದನಿ ಮಾಡಿಬಿಡುತ್ತೇನೆ.

ಆ ದಿನ ನಾನು ತಾತನನ್ನು ಅಂಗಲಾಚಿದ್ದೆ: "ಕಾಗದದಾಗಿನ ಹೆಸರೇ ಬಿಲ್ಲಿ ಮ್ಯಾಲೂ ಇತ್ತು ಅಂತ ದೊಡ್ಡಪ್ಪಗ ಒಂದ್ಮಾತು ಹೇಳ್ರಿ. ನೀವು ಹೇಳಿದ್ರ ನಂಬ್ತಾರ."

ತಾತ ರೈಫಲನ್ನು ಎತ್ತಿ ನನ್ನ ಕೈಗಿಟ್ಟರು.

"ನಾ ಹೇಳಿದ್ರ ಅದು ನನ್ನ ಮಾತಾಗತೈತಿ. ನಿಮ್ಮಪ್ಪನ ಮಾತು ನೀ ತಿಕ್ಕಿ ತಗದಿ."